ಶಿವಮೊಗ್ಗದಲ್ಲಿ ಜಿಯಾಲಜಿ ಓದಿ ಪೆಟ್ರೋಲಿಯಂ ಕಡೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಶಿವಮೊಗ್ಗದಲ್ಲಿ ಬಿ.ಎಸ್ಸಿ ಜಿಯಾಲಜಿ ಕೊನೇ ವರ್ಷ, ಪೆಟ್ರೋಲಿಯಂ ಜಿಯಾಲಜಿ ಓದುವ ಆಸೆ, ಮನೆಯಲ್ಲಿ ಬಿ.ಎಡ್ ಮಾಡು ಅಂತಾರೆ. ನಾನು ತೀರ್ಥಹಳ್ಳಿ ಕಡೆಯವನು, ಇದೇ ದಾರಿ ಹಿಡಿದವನು. ಎಣ್ಣೆ ಹುಡುಕುವ ಕೆಲಸ ಸಿಕ್ಕಿತು ಅಂದಾಗ ಊರಲ್ಲಿ ಎಲ್ಲರೂ ನಕ್ಕರು. ಅದಕ್ಕೆ ಓದಬೇಕಾ ಮಾರಾಯ, ಸಂಜೆ ಪೇಟೆಗೆ ಹೋದರೆ ಸಾಕಲ್ಲ ಅಂತ.

ಓದಿ. ಆದರೆ ‘ಪೆಟ್ರೋಲಿಯಂ’ ಅಂತ ಹೆಸರಿದೆ ಅನ್ನುವ ಒಂದೇ ಕಾರಣಕ್ಕೆ ಸಾಲ ಮಾಡಿ ದುಬಾರಿ ಕೋರ್ಸಿಗೆ ಸೇರಬೇಡಿ. ಮೊದಲು ಒಳ್ಳೆಯ ಜಿಯಾಲಜಿ ಎಂ.ಎಸ್ಸಿ ಮಾಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಅಪ್ಲೈಡ್ ಜಿಯಾಲಜಿ ಇದೆ, ಇಲ್ಲದಿದ್ದರೆ ಜ್ಯಾಮ್ (ಐಐಟಿಗಳ ಎಂ.ಎಸ್ಸಿ ಪ್ರವೇಶ ಪರೀಕ್ಷೆ) ಬರೆದು ಐಐಟಿಗೆ ಪ್ರಯತ್ನಿಸಿ. ಆಮೇಲೆ ಎಂ.ಟೆಕ್ ಪ್ರವೇಶಕ್ಕೆ ಬೇಕಾದ ಗೇಟ್ ಪರೀಕ್ಷೆ ಬರೆದು ಎಂ.ಟೆಕ್‌ನಲ್ಲಿ ಪೆಟ್ರೋಲಿಯಂ ಹಿಡಿಯಬಹುದು.

ಯಾಕೆ ಅಂದರೆ ಈ ಕೆಲಸ ಅಡಿಕೆ ರೇಟಿನ ಹಾಗೆ. 2014ರ ಮಧ್ಯದಲ್ಲಿ ಬ್ಯಾರಲ್‌ಗೆ 100 ಡಾಲರ್ ಮೇಲಿದ್ದ ಕಚ್ಚಾ ತೈಲ 2016ರ ಶುರುವಿಗೆ 30ಕ್ಕಿಂತ ಕೆಳಗೆ ಬಂತು, ನನ್ನ ಕಂಪನಿ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ, ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದೆ. ಎರಡು ವರ್ಷ ಬೋರ್‌ವೆಲ್ ಪಾಯಿಂಟ್ ಮಾಡಿಕೊಂಡು ಬದುಕಿದೆ, ಅದೂ ತೆಂಗಿನಕಾಯಿ ಹಿಡಿದು ನೀರು ನೋಡುವವರ ಜೊತೆ ಪೈಪೋಟಿಯಲ್ಲಿ. ಬರೀ ಪೆಟ್ರೋಲಿಯಂ ಓದಿದ್ದರೆ ಅದೂ ಆಗುತ್ತಿರಲಿಲ್ಲ.

ನಮ್ಮ ಕಡೆಯ ಹುಡುಗರಿಗೆ ಇನ್ನೊಂದು ತೊಂದರೆ ಇದೆ. ನಾವು ನೋಡಿ ಬೆಳೆದ ಗಟ್ಟಿ ಕಲ್ಲುಗಳು ಹೆಚ್ಚಿನವು 250 ಕೋಟಿ ವರ್ಷಕ್ಕಿಂತ ಹಳೆಯವು, ಬೆಂದು ಹಿಂಡಿಹೋದವು. ಎಣ್ಣೆ ಆಗುವುದು ಸುಮಾರು 60ರಿಂದ 120 ಡಿಗ್ರಿ ಬಿಸಿಯಲ್ಲಿ, ಜಾಸ್ತಿ ಬೆಂದರೆ ಗ್ಯಾಸ್, ಇನ್ನೂ ಬೆಂದರೆ ಏನೂ ಉಳಿಯುವುದಿಲ್ಲ. ಹಾಗಾಗಿ ಎಣ್ಣೆ ಇರುವಂಥ ಕಲ್ಲು ನಮ್ಮ ಕಡೆ ನೋಡಲು ಸಿಗುವುದಿಲ್ಲ. ಆಮೇಲೆ ಎಣ್ಣೆ ನೆಲದೊಳಗೆ ಕೆರೆಯ ಹಾಗೆ ನಿಂತಿರುವುದಿಲ್ಲ, ಮರಳುಗಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಇರುತ್ತದೆ. ಜಂಬಿಟ್ಟಿಗೆ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ, ಅರ್ಥವಾಗುತ್ತದೆ. ತೂತು ಇದ್ದರೆ ಸಾಲದು, ಒಂದಕ್ಕೊಂದು ಸೇರಿರಬೇಕು, ಮೇಲೆ ಜೇಡಿಯಂಥ ಬಿಗಿ ಪದರ ಮುಚ್ಚಿರಬೇಕು. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ನೋಡಿದ್ದು ತಮಿಳುನಾಡಿನ ಅರಿಯಲೂರಿನಲ್ಲಿ. ಕಾವೇರಿ ಬೇಸಿನ್ನಿನ (ಮರಳು, ಕೆಸರು ಪದರ ಪದರವಾಗಿ ತುಂಬಿದ ತಗ್ಗು) ಕ್ರಿಟೇಶಿಯಸ್, ಅಂದರೆ ಡೈನೋಸಾರ್ ಕಾಲದ ಪದರಗಳು ಅಲ್ಲಿ ಮೇಲೆಯೇ ಕಾಣುತ್ತವೆ. ಕಾಲೇಜು ಕರೆದುಕೊಂಡು ಹೋಗದಿದ್ದರೆ ನಾಲ್ಕು ಜನ ಸೇರಿ ನೀವೇ ಹೋಗಿ.

(ಹಾಗಂತ ನಮ್ಮ ಗಟ್ಟಿ ಕಲ್ಲನ್ನು ಕಡೆಗಣಿಸಬೇಡಿ. ಘಟ್ಟ ಇಳಿದರೆ ಉಡುಪಿ ಹತ್ತಿರದ ಪಾದೂರಿನಲ್ಲಿ ಅಂಥದ್ದೇ ಗಟ್ಟಿ ಕಲ್ಲು ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವಷ್ಟು ಗುಹೆ ಮಾಡಿದ್ದಾರೆ.)

ಕೆಲಸ ಹೇಗಿರುತ್ತದೆ ಅಂತಲೂ ಕೇಳಿದ್ದೀರಿ. ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ಮಡ್ ಲಾಗಿಂಗ್. ಹನ್ನೆರಡು ಗಂಟೆ ಶಿಫ್ಟ್. ಡ್ರಿಲ್ಲಿಂಗ್ ಮಡ್ (ಕೊರೆಯುವಾಗ ಬಾವಿಯೊಳಗೆ ಬಿಡುವ ಕೆಸರಿನಂಥ ದ್ರವ) ಜೊತೆ ಮೇಲೆ ಬಂದ ಕಲ್ಲಿನ ಚೂರನ್ನು ಅಲುಗುವ ಜರಡಿ, ಅಂದರೆ ಶೇಕರ್‌ನಿಂದ ಎತ್ತಿ, ಅಕ್ಕಿ ತೊಳೆದ ಹಾಗೆ ತೊಳೆದು, ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆಯುವುದು. ಮೂರು ಸಾವಿರ ಮೀಟರ್ ಕೆಳಗಿನ ಚೂರು ಮೇಲೆ ಬರಲು ಒಂದು ಗಂಟೆಗೂ ಜಾಸ್ತಿ ಬೇಕಾಗಬಹುದು, ಆ ಲೆಕ್ಕ ತಪ್ಪಿದರೆ ಪದರದ ಆಳವೇ ತಪ್ಪು. ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಎಣ್ಣೆ ಹೊಳೆಯುತ್ತದೆ. ಮೊದಲ ವಾರವೇ ಒಂದು ಸ್ಯಾಂಪಲ್ ಫಳಫಳ ಹೊಳೆಯಿತು, ನಾನು ಓಡಿಹೋಗಿ ಜಿಯಾಲಜಿಸ್ಟನ್ನು ಎಬ್ಬಿಸಿದೆ. ಅದು ಪೈಪಿನ ಜಾಯಿಂಟಿಗೆ ಹಚ್ಚುವ ಗ್ರೀಸ್! ಆ ರಿಗ್‌ನಲ್ಲಿ ಇದ್ದಷ್ಟು ದಿನ ನನ್ನ ಹೆಸರು ಗ್ರೀಸ್ ಅಂತಲೇ ಇತ್ತು.

ಮನೆಯವರಿಗೆ ಸದ್ಯಕ್ಕೆ ಎಂ.ಎಸ್ಸಿ ಅಂತ ಮಾತ್ರ ಹೇಳಿ, ಅದಾದ ಮೇಲೂ ಬಿ.ಎಡ್ ಮಾಡಬಹುದು ಅಂದರೆ ಒಪ್ಪುತ್ತಾರೆ. ಜ್ಯಾಮ್ ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ತುಂಬಾ ಮುಂಚೆಯೇ ಮುಗಿಯುತ್ತದೆ, ಇವತ್ತೇ ನೋಡಿಕೊಳ್ಳಿ.