ಪಾಸ್ತಾ ಮುದ್ದೆಯಾಗದಿರಲು ಏನು ಮಾಡಬೇಕು?

ಪ್ರಶ್ನೆ: ಕೆಲಸ ಮುಗಿಸಿ ನಾನು ಮನೆ ಸೇರುವಾಗ ಸಂಜೆ ಏಳೂವರೆಯಾಗಿರುತ್ತದೆ. ಮಕ್ಕಳು ಕೇಳಿದರೆಂದು ಕಳೆದ ವಾರ ಪಾಸ್ತಾ, ಚಿಕನ್ ಸಾಸೇಜ್, ಟೊಮೆಟೊ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಎರಡು ಸೀಟಿ ಹೊಡೆಸಿದೆ. ಪಾಸ್ತಾ ಮುದ್ದೆಯಾಯಿತು, ಸಾಸೇಜ್ ಸಪ್ಪೆಯಾಯಿತು, ಉಪ್ಪು ಮಾತ್ರ ಹೆಚ್ಚಾಯಿತು. ಒಂದೇ ಪಾತ್ರೆಯಲ್ಲಿ ಮಾಡುವ ಸರಿಯಾದ ಕ್ರಮವನ್ನು ತಿಳಿಸುವಿರಾ?
— ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಮೊದಲು ಕುಕ್ಕರನ್ನು ಬದಿಗಿಡಿ. ಪಾಸ್ತಾ ಎಷ್ಟು ಬೆಂದಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಅಲ್ಲದೆ ಪಾಸ್ತಾದ ನೊರೆ ಉಕ್ಕಿ ಸೀಟಿಯ ದಾರಿಯನ್ನೇ ಕಟ್ಟಿಬಿಡಬಹುದು. ದಪ್ಪ ತಳದ, ಅಗಲವಾದ ಬೋಗುಣಿ ಸಾಕು.

ನಮ್ಮ ಭಾಗದಲ್ಲಿ ಶಾವಿಗೆಯನ್ನು ಕುದಿಯುವ ನೀರಿಗೆ ಹಾಕಿ, ಬಸಿದು, ಹಾಲು ಬೆಲ್ಲದೊಡನೆ ಉಣ್ಣುವುದುಂಟು. ಅದೇ ಶಾವಿಗೆಗೆ ಅಳತೆಯ ನೀರು ಹಾಕಿ ಉಪ್ಪಿಟ್ಟು ಮಾಡುವುದೂ ಉಂಟು. ಒಂದೇ ಪಾತ್ರೆಯ ಪಾಸ್ತಾ ಈ ಎರಡನೆಯ ಜಾತಿಗೆ ಸೇರಿದ್ದು. ಇಲ್ಲಿ ನೀರು ಬಸಿಯುವುದಿಲ್ಲವಾದ್ದರಿಂದ ಪಾಸ್ತಾ ಬಿಟ್ಟ ಗಂಜಿಯೇ ಟೊಮೆಟೊ ರಸದೊಡನೆ ಬೆರೆತು ಸಾಸನ್ನು ಗಟ್ಟಿಗೊಳಿಸುತ್ತದೆ. ಆದ್ದರಿಂದಲೇ ಉಪ್ಪಿಟ್ಟಿನಂತೆ ಇಲ್ಲಿಯೂ ನೀರಿನ ಅಳತೆ ತಪ್ಪುವಂತಿಲ್ಲ.

ನಾಲ್ವರಿಗೆ 250 ಗ್ರಾಂ ಪೆನ್ನೆ ಪಾಸ್ತಾ, 250 ಗ್ರಾಂ ಚಿಕನ್ ಸಾಸೇಜ್, ಮಧ್ಯಮ ಗಾತ್ರದ ನಾಲ್ಕು ಟೊಮೆಟೊ, ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ ಬೇಕು. ಪಾಸ್ತಾ ಪೊಟ್ಟಣದ ಮೇಲೆ ಡ್ಯೂರಮ್ ಗೋಧಿ ರವೆ ಎಂದು ಬರೆದಿರುವುದನ್ನೇ ಕೊಳ್ಳಿ. ಮೈದಾ ಪಾಸ್ತಾ ಬಹಳ ಬೇಗ ಮೆತ್ತಗಾಗುತ್ತದೆ. ನಿಮ್ಮ ಮುದ್ದೆಗೆ ಸೀಟಿಯ ಜೊತೆ ಅದೂ ಕಾರಣವಾಗಿರಬಹುದೆಂಬ ಅನುಮಾನ ನನಗಿದೆ.

ಸಾಸೇಜನ್ನು ಬಿಲ್ಲೆಗಳಾಗಿ ಕತ್ತರಿಸಿ, ಎರಡು ಚಮಚ ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿದು ತಟ್ಟೆಗೆ ತೆಗೆದಿಡಿ. ರುಚಿಯೆಲ್ಲ ಇರುವುದು ಈ ಹುರಿಯುವುದರಲ್ಲಿಯೇ. ನೀರಿನಲ್ಲಿ ಬೇಯಿಸಿದ ಸಾಸೇಜಿಗೆ ಆ ಘಮ ಬರುವುದಿಲ್ಲ. ಅದೇ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಹೆಚ್ಚಿದ ಟೊಮೆಟೊ, ಒಂದು ಚಮಚ ಬ್ಯಾಡಗಿ ಮೆಣಸಿನಪುಡಿ ಬಾಡಿಸಿ, ತಳಕ್ಕೆ ಹತ್ತಿದ್ದನ್ನು ಕೆರೆದು ಬೆರೆಸಿ. ಬಳಿಕ ಪಾಸ್ತಾ ಹಾಗೂ 650 ಮಿಲಿಲೀಟರ್ ಬಿಸಿನೀರು ಹಾಕಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ, ಅರ್ಧ ಮುಚ್ಚಿ, ಎರಡು ನಿಮಿಷಕ್ಕೊಮ್ಮೆ ಕೈಯಾಡಿಸುತ್ತಿರಿ. ಹತ್ತು ನಿಮಿಷಕ್ಕೆ ಒಂದನ್ನು ಕಚ್ಚಿ ನೋಡಿ. ಗಟ್ಟಿಯಿದ್ದರೆ ಕಾಲು ಲೋಟ ಬಿಸಿನೀರು ಸೇರಿಸಿ. ನಡುವೆ ತುಸು ಬಿಗಿಯಿರುವಾಗಲೇ ಸಾಸೇಜನ್ನು ಮರಳಿ ಹಾಕಿ ಎರಡು ನಿಮಿಷ ಬೇಯಿಸಿ. ಪೊಟ್ಟಣದ ಮೇಲೆ ಹಸಿ ಸಾಸೇಜ್ ಎಂದಿದ್ದರೆ ಒಳಗೆ ಎಲ್ಲಿಯೂ ಗುಲಾಬಿ ಬಣ್ಣ ಉಳಿಯದಷ್ಟು ಹುರಿದಿರಲೇಬೇಕು. ಸಾಸೇಜಿನಲ್ಲಿ ಮೊದಲೇ ಉಪ್ಪಿರುವುದರಿಂದ ಉಪ್ಪನ್ನು ಕೊನೆಗೆ, ರುಚಿ ನೋಡಿಯೇ ಹಾಕಿ.

ಮಕ್ಕಳಿಗೆ ಕೆನೆಯೋ ಚೀಸೋ ಬೇಕಾದರೆ ಒಲೆ ಆರಿಸಿದ ಮೇಲೆ ಬೆರೆಸಿ. ಟೊಮೆಟೊ ಹುಳಿಯೊಡನೆ ಹಾಲು ಕುದಿಸಿದರೆ ಒಡೆಯುತ್ತದೆ.

ಇನ್ನೊಂದು ಮಾತು: ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಸಾಸೇಜನ್ನು ಸಂತೆಯ ಕೊನೆಗೆ ಕೊಂಡು ನೇರವಾಗಿ ಮನೆಗೆ ತನ್ನಿ. ಅಂಗಡಿಯಲ್ಲಿಯೇ ಪೊಟ್ಟಣ ಮೆತ್ತಗಿದ್ದರೆ, ಅಥವಾ ಒಳಗೆ ಮಂಜು ಗಡ್ಡೆಕಟ್ಟಿದ್ದರೆ, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರುವ ಸಂಭವವಿರುತ್ತದೆ, ಅದನ್ನು ಬಿಟ್ಟುಬಿಡಿ. ಅಡುಗೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಫ್ರೀಜರಿನಿಂದ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿಟ್ಟರೆ ಸಂಜೆಗೆ ಕತ್ತರಿಸಲು ಹದವಾಗಿರುತ್ತದೆ.