ಬಡ್ಡಿ ಪಕ್ಕದಲ್ಲೇ ಇದ್ದರೂ ಗಾಳಿಯ ಲೆಕ್ಕ ನಿಮ್ಮದೇ

ಬಡ್ಡಿ ಜೊತೆಗಿರುವಾಗ (ಸಾಲದ ಬಡ್ಡಿ ಅಲ್ಲ ಮಾರಾಯ್ರೆ, ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಡೈವಿಂಗ್‌ನ ಜೊತೆಗಾರ) ನಮ್ಮನ್ನು ನಾವೇ ನೋಡಿಕೊಳ್ಳುವುದನ್ನು ಯಾಕೆ ಕಲಿಯಬೇಕು, ಹೇಗೆ ಕಲಿಯಬೇಕು ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನವನು, ಈಜು ಕಲಿತದ್ದು ಊರಿನ ಕೆರೆಯಲ್ಲಿ, ಡೈವ್ ಮಾಡುವುದು ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಹತ್ತಿರ.

ಮೊದಮೊದಲು ನಾನು ಬಡ್ಡಿಯ ಬಾಲ. ಅವನು ಹೋದ ಕಡೆ ಹೋಗುವುದು, ಮೇಲೆ ಅಂದರೆ ಮೇಲೆ. ಒಂದು ಸಲ ಅವನು ಬಂಡೆ ಸಂದಿಯಲ್ಲಿ ಮೀನಿನ ಫೋಟೋ ತೆಗೆಯುತ್ತಾ ನಿಂತುಬಿಟ್ಟ, ನಾನು ಪಕ್ಕದಲ್ಲಿ ಸುಮ್ನೆ ತೇಲುತ್ತಾ ಇದ್ದೆ, ಆಮೇಲೆ ಅವನು ಅಂಗೈ ಮೇಲೆ ಎರಡು ಬೆರಳಿಟ್ಟು ಗಾಳಿ ಎಷ್ಟಿದೆ ಅಂತ ಕೇಳಿದಾಗಲೇ ಗೇಜ್ ನೋಡಿದ್ದು. 60 ಬಾರ್ (ಸಿಲಿಂಡರಿನ ಗಾಳಿಯ ಒತ್ತಡದ ಅಳತೆ, ತುಂಬಿದ್ದರೆ 200)! ಅವನದ್ದು ಇನ್ನೂ 110. ಏನೂ ಆಗಲಿಲ್ಲ, ಮೇಲೆ ಬಂದೆವು. ಅವನು ಕೇಳದೇ ಇದ್ದಿದ್ದರೆ?

ಆವತ್ತಿನಿಂದ ಲೆಕ್ಕ ಶುರು. 12 ಲೀಟರ್ ಸಿಲಿಂಡರ್, 10 ಮೀಟರ್ ಆಳದಲ್ಲಿ 20 ನಿಮಿಷಕ್ಕೆ 80 ಬಾರ್ ಹೋಯಿತು ಅಂದರೆ 12 × 80, 960 ಲೀಟರ್, ನಿಮಿಷಕ್ಕೆ 48. ಅಲ್ಲಿ ಒತ್ತಡ ಮೇಲಿನ ಎರಡರಷ್ಟು, ಹಾಗಾಗಿ ನೀರಿನ ಮೇಲಿನ ಲೆಕ್ಕದಲ್ಲಿ ನನ್ನ ಉಸಿರು ನಿಮಿಷಕ್ಕೆ 24 ಲೀಟರ್. 20 ಮೀಟರ್‌ನಲ್ಲಿ ಅದರ ಮೂರು ಪಟ್ಟು, 72. ತುಂಬಿದ 200 ಬಾರ್‌ನಲ್ಲಿ 50 ಆಪತ್ತಿಗೆ ಅಂತ ಮುಟ್ಟದೆ ಇಟ್ಟರೆ ಉಳಿಯುವುದು 1,800 ಲೀಟರ್, ಬರೀ 25 ನಿಮಿಷ. ಇಳಿಯುವುದು, ಹತ್ತುವುದು, ಮೇಲೆ ಬರುವಾಗ ಸುರಕ್ಷತೆಗೆ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವುದು ಬೇರೆ ಇದೆ. ನೀವೂ ಎರಡು ಮೂರು ಡೈವ್ ಬರೆದಿಟ್ಟು ನಿಮ್ಮ ಅಂಕಿ ಕಂಡುಹಿಡಿಯಿರಿ, ನನ್ನದು ನಿಮಗೆ ಆಗಲ್ಲ.

ಉಳಿದದ್ದು ಅಭ್ಯಾಸ. ಮಾಸ್ಕ್ ತೆಗೆದು ಹಾಕುವುದು, ಬಡ್ಡಿ ಕಾಣದಿದ್ದರೆ ಒಂದು ನಿಮಿಷ ಹುಡುಕಿ ನಿಧಾನ ಮೇಲೆ ಬರುವುದು. ಗಾಳಿ ತುಂಬುವ ಕೊಳವೆ ಬಲೂನು ನಿಮ್ಮದೇ ಒಂದು ಇರಲಿ, ಮೇಲೆ ಬಂದಾಗ ದೋಣಿಯವರಿಗೆ ಕಾಣಬೇಕಲ್ವಾ.

ನಮ್ಮಂಥ ಮಲೆನಾಡಿನವರಿಗೆ ಮಾತ್ರ ಒಂದು ಜಾಸ್ತಿ. ಚಿಕ್ಕಮಗಳೂರು 1,000 ಮೀಟರ್‌ಗೂ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ಡೈವ್‌ನಲ್ಲಿ ಮೈಗೆ ಸೇರಿದ ನೈಟ್ರೋಜನ್ ಗುಳ್ಳೆಯಾಗಿ ತೊಂದರೆ ಕೊಡಬಹುದು. ಡೈವ್ ಆದ ಮೇಲೆ ವಿಮಾನ ಹತ್ತುವವರಿಗೆ ಹೇಳುವ ನಿಯಮ ನಮಗೂ ಅನ್ವಯ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಜಾಸ್ತಿ ಆದರೆ 18. ನನ್ನ ಬಡ್ಡಿ ಕುಂದಾಪುರದವನು, ಊಟ ಮಾಡಿ ಮನೆಗೆ ಹೊರಡುತ್ತಾನೆ, ಇದು ಅವನ ತಲೆಗೇ ಬರಲ್ಲ. ಮಧ್ಯಾಹ್ನ 1ಕ್ಕೆ ಎರಡನೇ ಡೈವ್ ಮುಗಿದರೆ ಮರುದಿನ ಬೆಳಗ್ಗೆ 7ರ ತನಕ ನಾನು ಆಗುಂಬೆ ಘಾಟಿ ಹತ್ತಲ್ಲ.