ಸೇನೆಯಲ್ಲಿ ಆದೇಶದ ಜೊತೆ ಉದ್ದೇಶವನ್ನೂ ಯಾಕೆ ಹೇಳುತ್ತಾರೆ?

ಪ್ಲಾನ್ ಕೆಟ್ಟರೂ ಕೆಲಸ ನಿಲ್ಲಬಾರದು, ಅದಕ್ಕೇ. ಕಾಳಗ ಶುರುವಾದ ಮೇಲೆ ಅಂದುಕೊಂಡ ಹಾಗೆ ನಡೆಯುವುದು ಕಡಿಮೆ. ರೇಡಿಯೊ ಕೈಕೊಡಬಹುದು, ಮೇಲಧಿಕಾರಿಯನ್ನು ಕೇಳಲು ಆಗದಿರಬಹುದು. 'ಆ ಸೇತುವೆ ಹಿಡಿಯಿರಿ' ಎಂದಷ್ಟೇ ಹೇಳಿದ್ದರೆ, ಸೇತುವೆ ಮುರಿದಿರುವುದು ಕಂಡಾಗ ತಂಡ ಸುಮ್ನೆ ನಿಂತುಬಿಡುತ್ತದೆ. 'ಬೆಳಿಗ್ಗೆ ನಮ್ಮ ಟ್ಯಾಂಕುಗಳು ಹೊಳೆ ದಾಟಬೇಕು, ಅದಕ್ಕೆ ಸೇತುವೆ ಬೇಕು' ಎಂದಿದ್ದರೆ, ದಾಟಲು ಬೇರೆ ಜಾಗವನ್ನು ಅವರೇ ಹುಡುಕುತ್ತಾರೆ.

1806ರಲ್ಲಿ ನೆಪೋಲಿಯನ್ ಎದುರು ಸೋತ ಪ್ರಷ್ಯಾ (ಆಗಿನ ಒಂದು ಜರ್ಮನ್ ರಾಜ್ಯ) ತನ್ನ ಸೇನೆಯನ್ನು ಸುಧಾರಿಸಿತು. ಉದ್ದೇಶ ಹೇಳುವ ಈ ಪದ್ಧತಿ ಬೆಳೆದದ್ದು ಅಲ್ಲಿಂದ; ಮುಂದೆ ದಂಡನಾಯಕ ಮೋಲ್ಟ್ಕೆ ಇದನ್ನು ಗಟ್ಟಿ ಮಾಡಿದ.

ಆಫೀಸಿಗೂ ಇದು ಹೊಂದುತ್ತದೆ. ಆದರೆ ಉದ್ದೇಶ ಹೇಳಿದರಷ್ಟೇ ಸಾಲದು. ಕೆಳಗಿನವರಿಗೆ ಒಳ್ಳೆಯ ತರಬೇತಿ ಇರಬೇಕು, ತೀರ್ಮಾನ ತಪ್ಪಾದರೆ ಬೈಸಿಕೊಳ್ಳುವ ಭಯ ಇರಬಾರದು. ಬಾಸ್‌ಗಳು ಜಾಸ್ತಿ ಎಡವುವುದು ಈ ಎರಡನೆಯದರಲ್ಲೇ.